ಗಿಡದ ಅಕ್ವೇರಿಯಂನಲ್ಲಿ ಸಿಒ2, ಕೆಎಚ್, ಪಿಎಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಡ ಬೆಳೆಸುವ ಅಕ್ವೇರಿಯಂ ಇಟ್ಟವರು ಮೊದಲ ಆರು ತಿಂಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಾನೂ ಇವನ್ನೇ ಕೇಳಿದ್ದೆ. ಕೆಲವಕ್ಕೆ ಉತ್ತರ ಸಿಗುವ ಹೊತ್ತಿಗೆ ಮೀನು ಸತ್ತಿದ್ದವು. ನೀರು ಎಷ್ಟು ಆಮ್ಲೀಯ ಅಂತ ಹೇಳುವ (ಕಡಿಮೆ ಇದ್ದಷ್ಟೂ ಆಮ್ಲ ಜಾಸ್ತಿ) ಪಿಎಚ್ ಅನ್ನೋ ಒಂದು ಸಂಖ್ಯೆಯ ಹಿಂದೆ ಓಡಿ ಓಡಿ ಸುಸ್ತಾದ ಮೇಲೆ ಗೊತ್ತಾಗಿದ್ದು ಇಷ್ಟು: ಕಾರ್ಬನ್ ಡೈಆಕ್ಸೈಡ್, ಅಂದರೆ ಸಿಒ2, ದಿನವೂ ಒಂದೇ ಮಟ್ಟದಲ್ಲಿದ್ದು ಎಲೆಯವರೆಗೆ ತಲುಪಿದರೆ ಮುಕ್ಕಾಲು ಪಾಲು ತಲೆಬಿಸಿ ಇರೋದೇ ಇಲ್ಲ. ಕೆಳಗಿನ ಉತ್ತರಗಳು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಸಿಒ2 ಹಾಕಲೇಬೇಕಾ?

ಇಲ್ಲ. ಜಾವಾ ಫರ್ನ್, ಅನುಬಿಯಾಸ್, ಕ್ರಿಪ್ಟೊಕೊರಿನ್, ಜಾವಾ ಮಾಸ್ ಇಂಥವು ಹದವಾದ ಬೆಳಕಿನಲ್ಲಿ ಸಿಒ2 ಸಿಲಿಂಡರ್ ಇಲ್ಲದೆಯೇ ಚೆನ್ನಾಗಿರುತ್ತವೆ. ನಿಧಾನವಾಗಿ ಬೆಳೆಯುತ್ತವೆ ಅಷ್ಟೇ. ನೆಲಕ್ಕೆ ಹಾಸಿದಂತೆ ಹಬ್ಬುವ ಸಣ್ಣ ಎಲೆಯ ಗಿಡ, ಕೆಂಪು ಬಣ್ಣದ ಕಾಂಡದ ಗಿಡ ಬೇಕು ಅಂದರೆ ಮಾತು ಬೇರೆ. ಗಿಡವನ್ನು ಒಣಗಿಸಿ ತೂಗಿದರೆ ಅದರಲ್ಲಿ ಶೇ. 40ಕ್ಕಿಂತ ಜಾಸ್ತಿ ಬರೀ ಕಾರ್ಬನ್ನೇ. ಗೊಬ್ಬರದ ಬಾಟಲಿ ಎಷ್ಟು ಸುರಿದರೂ ಆ ಪಾಲು ತುಂಬುವುದಿಲ್ಲ.

ಗಾಳಿಯಲ್ಲೇ ಸಿಒ2 ಇದೆಯಲ್ಲ, ಅದು ಸಾಲದಾ?

ಗಾಳಿಯ ಜತೆ ಸಮತೋಲಕ್ಕೆ ಬಂದ ನೀರಿನಲ್ಲಿ, 25 ಡಿಗ್ರಿ ಬಿಸಿಯಲ್ಲಿ, ಒಂದು ಲೀಟರಿಗೆ ಸುಮಾರು 0.6 ಮಿಲಿಗ್ರಾಂ ಸಿಒ2 ಮಾತ್ರ ಇರುತ್ತದೆ. ಮೀನಿನ ಉಸಿರು, ತಳದಲ್ಲಿ ಕೊಳೆಯುವ ಕಸ ಸೇರಿದರೆ ಇನ್ನಷ್ಟು ಸಿಗುತ್ತದೆ. ಅದೂ ದೊಡ್ಡ ಮೊತ್ತ ಅಲ್ಲ.

ಇನ್ನೊಂದು ತೊಡಕು ಇದೆ, ಇದನ್ನು ಯಾರೂ ಮೊದಲು ಹೇಳುವುದಿಲ್ಲ. ನೀರಿನಲ್ಲಿ ಸಿಒ2 ತಾನಾಗಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಎಲೆಯ ಮೈಗೆ ಅಂಟಿಕೊಂಡಂತೆ ಅಲುಗಾಡದ ನೀರಿನ ಒಂದು ತೆಳು ಪೊರೆ ಇರುತ್ತದೆ. ಎಲೆ ಆ ಪೊರೆಯಲ್ಲಿದ್ದ ಸಿಒ2 ಹೀರಿಕೊಂಡ ಮೇಲೆ ಹೊರಗಿನಿಂದ ಹೊಸದು ಬರಲು ಹೊತ್ತಾಗುತ್ತದೆ. ಹಾಗಾಗಿ ಟ್ಯಾಂಕ್‌ನಲ್ಲಿ ನೀರು ಹರಿದಾಡುವುದು ಸಿಲಿಂಡರ್‌ನಷ್ಟೇ ಮುಖ್ಯ. ನೀರಿನ ಮೇಲೆ ತೇಲುವ ಗಿಡಗಳಿಗೆ ಈ ಕಷ್ಟವೇ ಇಲ್ಲ, ಎಲೆ ಗಾಳಿಯಲ್ಲಿ ಇರುತ್ತದಲ್ಲ. ಅದಕ್ಕೇ ಅವು ಎಲ್ಲ ಟ್ಯಾಂಕ್‌ನಲ್ಲೂ ಹುಚ್ಚೆದ್ದು ಬೆಳೆಯುತ್ತವೆ.

ಒಳ್ಳೆ ಲೈಟ್ ತಂದು ಹಾಕಿದ ಮೇಲೇ ಪಾಚಿ ಬಂತು. ಯಾಕೆ?

ಬೆಳಕು ಜಾಸ್ತಿ ಆದಷ್ಟೂ ಗಿಡಕ್ಕೆ ಹಸಿವು ಜಾಸ್ತಿ. ಸಿಒ2 ಅಷ್ಟೇ ಇದ್ದರೆ ಗಿಡ ಸೊರಗುತ್ತದೆ, ಹಳೆ ಎಲೆ ಕೊಳೆಯಲು ಶುರುವಾಗುತ್ತದೆ, ಆ ಎಲೆಯ ಮೇಲೇ ಪಾಚಿ ಕೂರುತ್ತದೆ. ಮೊದಲು ಲೈಟ್ ತಗ್ಗಿಸಿ. ದಿನಕ್ಕೆ 6 ಗಂಟೆ ಸಾಕು, ಎಲ್ಲ ಸರಿಯಾದ ಮೇಲೆ ನಿಧಾನವಾಗಿ 8ಕ್ಕೆ ಏರಿಸಿ. ಡಿಮ್ಮರ್ ಇದ್ದರೆ ಅರ್ಧಕ್ಕೆ ಇಳಿಸಿ. ಹೊಸ ಲೈಟನ್ನು ಮೊದಲ ದಿನವೇ ಪೂರ್ತಿ ಬಿಟ್ಟು ನೋಡುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಎರಡು ವಾರ ಗಾಜು ಉಜ್ಜಿದ್ದೇ ಬಂತು.

ನೀರಿನಲ್ಲಿ ಸಿಒ2 ಎಷ್ಟಿರಬೇಕು?

20ರಿಂದ 30 ಪಿಪಿಎಂ, ಅಂದರೆ ಲೀಟರಿಗೆ 20ರಿಂದ 30 ಮಿಲಿಗ್ರಾಂ. ಲೈಟ್ ಸಾಧಾರಣವಾಗಿದ್ದರೆ 15ರಲ್ಲೂ ಗಿಡ ಖುಷಿಯಾಗಿರುತ್ತವೆ. 30 ದಾಟಿಸುವವರು ಇದ್ದಾರೆ. ಅವರಲ್ಲಿ ನೀರಿನ ಮೇಲ್ಮೈ ಚೆನ್ನಾಗಿ ಅಲುಗಾಡುತ್ತಿರುತ್ತದೆ, ಮೀನು ಕಡಿಮೆ ಇರುತ್ತವೆ, ಕೈ ಪಳಗಿರುತ್ತದೆ. ಮೊದಲ ವರ್ಷ ಆ ಸಾಹಸ ಬೇಡ.

ನನ್ನ ಅನುಭವದಲ್ಲಿ ದಿನವೂ ತಪ್ಪದೆ 18 ಸಿಗುವ ಟ್ಯಾಂಕ್, ಇವತ್ತು 30 ನಾಳೆ 8 ಆಗುವ ಟ್ಯಾಂಕ್‌ಗಿಂತ ಸಾವಿರ ಪಾಲು ವಾಸಿ. ಸಿಒ2 ಮಟ್ಟಕ್ಕೆ ತಕ್ಕಂತೆ ಗಿಡ ತನ್ನೊಳಗಿನ ಕಿಣ್ವಗಳನ್ನು ಹೊಂದಿಸಿಕೊಳ್ಳಬೇಕು. ಅದಕ್ಕೆ ದಿನಗಳಲ್ಲ, ವಾರಗಳು ಬೇಕು. ನೀವು ಎರಡು ದಿನಕ್ಕೊಮ್ಮೆ ವಾಲ್ವ್ ತಿರುಗಿಸುತ್ತಿದ್ದರೆ ಅದು ಯಾವುದಕ್ಕೆ ಅಂತ ಹೊಂದಿಕೊಳ್ಳಬೇಕು, ಹೇಳಿ?

ಸೆಕೆಂಡಿಗೆ ಎಷ್ಟು ಗುಳ್ಳೆ ಬಿಡಬೇಕು?

ಈ ಪ್ರಶ್ನೆಗೆ ಉತ್ತರ ಇಲ್ಲ. ಗುಳ್ಳೆ ಎಣಿಸಲು ಪೈಪಿಗೆ ಹಾಕುವ ಒಂದೊಂದು ಬಬಲ್ ಕೌಂಟರ್‌ನ ಗುಳ್ಳೆ ಒಂದೊಂದು ಗಾತ್ರ. ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಡಿಫ್ಯೂಸರ್ ಎಷ್ಟು ಕರಗಿಸುತ್ತದೆ, ಮೇಲ್ಮೈಯಿಂದ ಎಷ್ಟು ಹಾರಿಹೋಗುತ್ತದೆ, ಎರಡೂ ಬೇರೆ ಬೇರೆ. ಬೇರೆಯವರ ಲೆಕ್ಕ ನಿಮಗೆ ಹೊಂದುವುದಿಲ್ಲ. ನಿಮ್ಮದೇ ಟ್ಯಾಂಕ್‌ನಲ್ಲಿ ನಿನ್ನೆಯಷ್ಟೇ ಇವತ್ತೂ ಬರುತ್ತಿದೆಯಾ ಅಂತ ನೋಡಲು ಗುಳ್ಳೆ ಎಣಿಸಿ. ಸೆಕೆಂಡಿಗೆ ಒಂದರಿಂದ ಶುರು ಮಾಡಿ, ಮೂರು ದಿನಕ್ಕೊಮ್ಮೆ ಚೂರು ಚೂರೇ ಏರಿಸುತ್ತಾ ಹೋಗಿ, ಏರಿಸಿದ ದಿನ ಮನೆಯಲ್ಲೇ ಇರಿ.

ಡ್ರಾಪ್ ಚೆಕರ್ ಹಸಿರು ತೋರಿಸುತ್ತಿದೆ. ಅಂದರೆ ಎಲ್ಲ ಸರಿ ಇದೆ ಅಲ್ವಾ?

ಡ್ರಾಪ್ ಚೆಕರ್ ಅಂದರೆ ಟ್ಯಾಂಕ್ ಒಳಗೆ ಅಂಟಿಸುವ, ಬಣ್ಣದಿಂದ ಸಿಒ2 ಮಟ್ಟ ತೋರಿಸುವ ಪುಟ್ಟ ಬುರುಡೆ. ಉತ್ತರ ಅದರ ಒಳಗೆ ಏನು ತುಂಬಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಅದರಲ್ಲಿ ಇರಬೇಕಾದದ್ದು 4 ಡಿಗ್ರಿ ಕೆಎಚ್ (ನೀರಿನಲ್ಲಿ ಬೈಕಾರ್ಬನೇಟ್ ಎಷ್ಟಿದೆ ಅನ್ನುವ ಅಳತೆ) ಇರುವ ದ್ರಾವಣ ಮತ್ತು ಪಿಎಚ್ ತಕ್ಕಂತೆ ಬಣ್ಣ ಬದಲಿಸುವ ಬ್ರೊಮೊಥೈಮಾಲ್ ಬ್ಲೂ ಹನಿಗಳು. ನೀರಿನಿಂದ ಸಿಒ2 ಆವಿಯಾಗಿ ನಡುವಿನ ಗಾಳಿಗೆ ಬಂದು, ಅಲ್ಲಿಂದ ದ್ರಾವಣಕ್ಕೆ ಸೇರುತ್ತದೆ. ನೀಲಿ ಅಂದರೆ ಕಡಿಮೆ, ಹಸಿರು ಅಂದರೆ ಸುಮಾರು 30 ಪಿಪಿಎಂ, ಹಳದಿ ಅಂದರೆ ಅಪಾಯ.

ನಾನು ಮೊದಲ ನಾಲ್ಕು ತಿಂಗಳು ಅದರೊಳಗೆ ಟ್ಯಾಂಕ್‌ನ ನೀರನ್ನೇ ತುಂಬಿದ್ದೆ. ಡಬ್ಬಿಯ ಚೀಟಿಯಲ್ಲಿ ಹಾಗೇ ಬರೆದಿತ್ತು. ನನ್ನ ನೀರಿನ ಕೆಎಚ್ 9. ಹಸಿರು ಬರುವ ತನಕ ಗ್ಯಾಸ್ ಏರಿಸಿದರೆ ಅದು 30 ಅಲ್ಲ, ಅದರ ಎರಡು ಪಟ್ಟಿಗಿಂತ ಜಾಸ್ತಿ. ಬಣ್ಣ ನೋಡಿ ಸಮಾಧಾನ ಪಡುತ್ತಾ ಕೂತಿದ್ದೆ, ಮೀನುಗಳು ಮೂಲೆಯಲ್ಲಿ ಕಿವಿರು ಬಡಿಯುತ್ತಾ ಕೂತಿದ್ದವು.

ದ್ರಾವಣ ನೀವೇ ಮಾಡಿಕೊಳ್ಳಬಹುದು. 1 ಲೀಟರ್ ಡಿಸ್ಟಿಲ್ಡ್ ನೀರಿಗೆ 1.2 ಗ್ರಾಂ ಅಡುಗೆ ಸೋಡಾ ಹಾಕಿ ಕರಗಿಸಿ, ಅದು ಸುಮಾರು 40 ಡಿಗ್ರಿ ಕೆಎಚ್ ಆಗುತ್ತದೆ. ಅದರಲ್ಲಿ 100 ಮಿಲಿಲೀಟರ್ ತೆಗೆದು ಮತ್ತೆ ಡಿಸ್ಟಿಲ್ಡ್ ನೀರು ಸೇರಿಸಿ 1 ಲೀಟರ್ ಮಾಡಿದರೆ 4 ಡಿಗ್ರಿ. ಬೇಕಿಂಗ್ ಪೌಡರ್ ಬೇರೆ, ಅಡುಗೆ ಸೋಡಾ ಬೇರೆ, ಅದನ್ನು ಮರೆಯಬೇಡಿ. ಇನ್ನೊಂದು ವಿಷಯ, ಡ್ರಾಪ್ ಚೆಕರ್ ಬಲು ನಿಧಾನ. ಬಣ್ಣ ಬದಲಾಗಲು ಒಂದೆರಡು ಗಂಟೆ ಬೇಕು. ಈಗ ಕಾಣುವ ಬಣ್ಣ ಆಗಿನ ಕಥೆ.

ಪಿಎಚ್ ಮತ್ತು ಕೆಎಚ್ ನೋಡಿ ಸಿಒ2 ಹೇಳುವ ಪಟ್ಟಿ ಇದೆಯಲ್ಲ, ಅದನ್ನು ನಂಬಬಹುದಾ?

ಪಟ್ಟಿಯ ಹಿಂದಿರುವ ಸೂತ್ರ ಇದು: ಸಿಒ2 = 3 × ಕೆಎಚ್ × 10ರ ಘಾತ (7 − ಪಿಎಚ್). ಕೆಎಚ್ 4, ಪಿಎಚ್ 6.6 ಇದ್ದರೆ 3 × 4 × 2.5, ಸುಮಾರು 30 ಪಿಪಿಎಂ. ಲೆಕ್ಕ ಸರಿಯಾಗೇ ಇದೆ.

ತೊಂದರೆ ಇರುವುದು ನೀರಿನಲ್ಲಿ. ಕೆಎಚ್ ಪೂರ್ತಿ ಬೈಕಾರ್ಬನೇಟ್‌ನಿಂದಲೇ ಬಂದಿದೆ, ಪಿಎಚ್ ಇಳಿಸುತ್ತಿರುವುದು ಸಿಒ2 ಒಂದೇ ಅಂತ ಸೂತ್ರ ನಂಬಿಕೊಂಡಿದೆ. ಟ್ಯಾಂಕ್‌ನಲ್ಲಿ ಮರದ ಕೊರಡು ಇದ್ದರೆ ಅದರ ಟ್ಯಾನಿನ್ ಕೂಡ ಪಿಎಚ್ ಇಳಿಸುತ್ತದೆ. ಪಿಎಚ್ ಹಿಡಿದಿಡಲು ಫಾಸ್ಫೇಟ್ ಇರುವ ಬಫರ್ ಹಾಕಿದ್ದರೆ ಕೆಎಚ್ ಟೆಸ್ಟ್ ಸುಳ್ಳು ಹೇಳುತ್ತದೆ. ಪಟ್ಟಿ ನೋಡಿ 60 ಪಿಪಿಎಂ ಇದೆ ಅಂತ ಗಾಬರಿಯಾಗುವವರ ಟ್ಯಾಂಕ್‌ನಲ್ಲಿ ಎಷ್ಟೋ ಸಲ 10 ಕೂಡ ಇರುವುದಿಲ್ಲ.

ಹಾಗಾದರೆ ನೀವು ಹೇಗೆ ಅಳೆಯುತ್ತೀರಿ?

ಪಿಎಚ್ ಎಷ್ಟು ಅಂತ ನೋಡಲ್ಲ, ಎಷ್ಟು ಇಳಿಯಿತು ಅಂತ ನೋಡುತ್ತೇನೆ. ಒಂದು ಲೋಟ ಟ್ಯಾಂಕ್ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಸುಮ್ನೆ ಬಿಡಿ. ಸಿಒ2 ಹಾರಿಹೋಗಿರುತ್ತದೆ, ಟ್ಯಾನಿನ್ ಮುಂತಾದವು ಅಲ್ಲೇ ಉಳಿದಿರುತ್ತವೆ. ಅದರ ಪಿಎಚ್ ಅಳೆಯಿರಿ. ಆಮೇಲೆ ಗ್ಯಾಸ್ ಪೂರ್ತಿ ಏರಿದ ಹೊತ್ತಿನಲ್ಲಿ, ಲೈಟ್ ಹತ್ತಿ ಎರಡು ಮೂರು ಗಂಟೆ ಆದಾಗ, ಟ್ಯಾಂಕ್‌ನ ಪಿಎಚ್ ಅಳೆಯಿರಿ. ಪಿಎಚ್‌ನಲ್ಲಿ 1 ಇಳಿದರೆ ಸಿಒ2 10 ಪಟ್ಟು ಆಗಿದೆ ಅಂತ ಅರ್ಥ. ಸಾಮಾನ್ಯವಾಗಿ 1ರಿಂದ 1.2 ಇಳಿತ ಸಾಕು ಅನ್ನುತ್ತಾರೆ. ಲೋಟದ ನೀರಿನಲ್ಲಿ 3 ಪಿಪಿಎಂ ಉಳಿದಿರುತ್ತದೆ ಅಂತ ಇಟ್ಟುಕೊಂಡು ಬಂದ ಲೆಕ್ಕ ಅದು. ನೀರು ಚೆನ್ನಾಗಿ ಗಾಳಿಯಾಡಿದ್ದರೆ ಅದಕ್ಕಿಂತ ಕಡಿಮೆ ಇರುತ್ತದೆ, ಆಗ 1 ಇಳಿದರೂ 30 ಮುಟ್ಟಿರುವುದಿಲ್ಲ. ಅದಕ್ಕೇ ಕೊನೆಯ ತೀರ್ಪು ಮೀಟರಿನದ್ದಲ್ಲ, ಗಿಡ ಮತ್ತು ಮೀನಿನದ್ದು.

ನೀರಿಗೆ ಅದ್ದಿ ಬಣ್ಣ ನೋಡುವ ಕಾಗದದ ಪಟ್ಟಿಯಲ್ಲಿ ಇದು ಆಗುವುದಿಲ್ಲ. ಪಿಎಚ್ ಪೆನ್ ಬೇಕು, ಅದನ್ನು ತಿಂಗಳಿಗೊಮ್ಮೆ 7 ಮತ್ತು 4ರ ದ್ರಾವಣದಲ್ಲಿ ಹೊಂದಿಸಬೇಕು, ತುದಿ ಒಣಗಲು ಬಿಡಬಾರದು.

ಮೀನೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿವೆ. ಏನು ಮಾಡಲಿ?

ಓದುವುದು ಆಮೇಲೆ. ಮೊದಲು ಗ್ಯಾಸ್ ಮುಚ್ಚಿ. ಏರ್ ಪಂಪ್ ಇದ್ದರೆ ಹಾಕಿ, ಇಲ್ಲದಿದ್ದರೆ ಫಿಲ್ಟರ್ ಬಾಯಿಯನ್ನು ಮೇಲಕ್ಕೆ ಎತ್ತಿ ನೀರು ಧುಮುಕುವಂತೆ ಮಾಡಿ. ಅರ್ಧದಷ್ಟು ನೀರು ಬದಲಿಸಿ, ಕ್ಲೋರಿನ್ ತೆಗೆಯುವ ದ್ರಾವಣ ಮರೆಯಬೇಡಿ. ಲೈಟ್ ಆರಿಸಬೇಡಿ, ಗಿಡ ಆಮ್ಲಜನಕ ಬಿಡಲಿ.

ಈಗ ಓದಿ. ನೀರಿನಲ್ಲಿ ಸಿಒ2 ಜಾಸ್ತಿಯಾದರೆ ಮೀನಿನ ರಕ್ತದಿಂದ ಸಿಒ2 ಹೊರಗೆ ಹೋಗುವುದಿಲ್ಲ, ರಕ್ತ ಆಮ್ಲವಾಗುತ್ತದೆ, ಆಮ್ಲಜನಕ ಹಿಡಿದುಕೊಳ್ಳುವ ಶಕ್ತಿ ಕುಗ್ಗುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೂ ಅವಕ್ಕೆ ಉಸಿರು ಕಟ್ಟುತ್ತದೆ.

ನನ್ನ ಕಥೆ ಹೇಳುತ್ತೇನೆ. ಒಂದು ಬೆಳಿಗ್ಗೆ ಹೊರಡುವ ಅವಸರದಲ್ಲಿ ಗ್ಯಾಸ್ ಚೂರು ಚೂರೇ ಬಿಡುವ ನೀಡಲ್ ವಾಲ್ವ್ ಅನ್ನು ಕೂದಲೆಳೆಯಷ್ಟು ತಿರುಗಿಸಿದೆ. ಗುಳ್ಳೆ ಎಣಿಸಿದೆ, ಸರಿ ಅನ್ನಿಸಿತು. ವಾಲ್ವ್ ತಿರುಗಿಸಿದ ಮೇಲೆ ಅದು ನೆಲೆಗೊಳ್ಳಲು ಹೊತ್ತು ಬೇಕು ಅಂತ ಗೊತ್ತಿರಲಿಲ್ಲ. ಸಂಜೆ ಬಂದು ನೋಡಿದರೆ ಗುಳ್ಳೆ ಎಣಿಸಲಾಗದಷ್ಟು ಬರುತ್ತಿತ್ತು, ಚೆಕರ್ ಹಳದಿ, ಟೆಟ್ರಾಗಳೆಲ್ಲ ಫಿಲ್ಟರ್ ನೀರು ಬೀಳುವ ಒಂದು ಅಂಗೈ ಅಗಲದ ಜಾಗದಲ್ಲಿ ಗುಂಪುಗಟ್ಟಿದ್ದವು. ಸೀಗಡಿಗಳು ಹೀಟರ್ ವೈರು ಹಿಡಿದು ನೀರಿನಿಂದ ಹೊರಗೆ ಹತ್ತಿದ್ದವು. ಒಂಬತ್ತು ಮೀನು ಹೋದವು. ಅವತ್ತಿನಿಂದ ವಾಲ್ವ್ ಮುಟ್ಟುವುದು ರಜಾ ದಿನ ಮಾತ್ರ.

ದಿನವೂ ಪಿಎಚ್ 1ರಷ್ಟು ಏರಿಳಿದರೆ ಮೀನಿಗೆ ಆಘಾತ ಆಗುವುದಿಲ್ವಾ?

ಸಿಒ2ನಿಂದ ಆಗುವ ಏರಿಳಿತಕ್ಕೆ ಆಗುವುದಿಲ್ಲ. ಗಿಡ ತುಂಬಿದ ಕೆರೆಯಲ್ಲೂ ಹಗಲು ಏರಿ ರಾತ್ರಿ ಇಳಿಯುವುದು ಸಹಜ. ಮೀನಿಗೆ ಪೆಟ್ಟಾಗುವುದು ನೀರಿನಲ್ಲಿ ಕರಗಿದ ಉಪ್ಪಿನಂಶ ದಿಢೀರ್ ಬದಲಾದಾಗ. ಸಿಒ2 ಹಾಕಿದರೆ ಕೆಎಚ್ ಬದಲಾಗುವುದಿಲ್ಲ, ಜಿಎಚ್ ಬದಲಾಗುವುದಿಲ್ಲ, ಟಿಡಿಎಸ್, ಅಂದರೆ ಕರಗಿದ ಒಟ್ಟು ಉಪ್ಪಿನಂಶ, ಕೂಡ ಅಲ್ಲೇ ಇರುತ್ತದೆ.

ಕೆಎಚ್, ಜಿಎಚ್ ಎರಡೂ ಗಡಸುತನ ಅನ್ನುತ್ತಾರೆ. ಏನು ವ್ಯತ್ಯಾಸ?

ಜಿಎಚ್ ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಷ್ಟಿದೆ ಅನ್ನುವುದು. ಇವೆರಡೂ ಗಿಡಕ್ಕೆ ಬೇಕು, ಸೀಗಡಿ ಬಸವನಹುಳಕ್ಕೆ ಇನ್ನೂ ಬೇಕು. ಕೆಎಚ್ ಅಂದರೆ ಬೈಕಾರ್ಬನೇಟ್ ಎಷ್ಟಿದೆ ಅನ್ನುವುದು, ಆಮ್ಲ ಬಂದರೆ ತಡೆದು ನಿಲ್ಲಿಸುವ ಶಕ್ತಿ. ಎರಡರಲ್ಲೂ 1 ಡಿಗ್ರಿ ಅಂದರೆ 17.85 ಪಿಪಿಎಂ ಕ್ಯಾಲ್ಸಿಯಂ ಕಾರ್ಬನೇಟ್‌ಗೆ ಸಮ. ಸುಣ್ಣಕಲ್ಲಿನ ಮೇಲೆ ಹರಿದ ನೀರಿನಲ್ಲಿ ಎರಡೂ ಜತೆಗೇ ಏರುವುದರಿಂದ ಒಂದೇ ಅಂತ ಗೊಂದಲ ಆಗುತ್ತದೆ. ಅಡುಗೆ ಸೋಡಾ ಹಾಕಿ ನೋಡಿ, ಕೆಎಚ್ ಏರುತ್ತದೆ, ಜಿಎಚ್ ಕದಲುವುದಿಲ್ಲ.

ಗಿಡಕ್ಕೆ ಕೆಎಚ್ ಬೇಕೇ ಬೇಕು ಅಂತಿಲ್ಲ. ಬಹಳಷ್ಟು ಗಿಡಗಳು 1ರಿಂದ 8ರವರೆಗೆ ಎಲ್ಲಿದ್ದರೂ ಬೆಳೆಯುತ್ತವೆ.

ಕೆಎಚ್, ಜಿಎಚ್ ಏರಿಸುವುದು ಹೇಗೆ?

100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. ಜಿಎಚ್‌ಗೆ ಕ್ಯಾಲ್ಸಿಯಂ ಸಲ್ಫೇಟ್ 100 ಲೀಟರಿಗೆ ಸುಮಾರು 3 ಗ್ರಾಂ, ಅಥವಾ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) 4.4 ಗ್ರಾಂ, ತಲಾ 1 ಡಿಗ್ರಿ. ಕ್ಯಾಲ್ಸಿಯಂ ಮೂರು ನಾಲ್ಕು ಪಾಲು ಇದ್ದರೆ ಮೆಗ್ನೀಸಿಯಂ ಒಂದು ಪಾಲು ಸಾಕು. ಕ್ಯಾಲ್ಸಿಯಂ ಸಲ್ಫೇಟ್ ಬೇಗ ಕರಗುವುದಿಲ್ಲ, ನೀರು ಹಾಲಿನಂತಾದರೆ ಹೆದರಬೇಡಿ, ಮರುದಿನ ತಿಳಿಯಾಗುತ್ತದೆ. ಒಂದೇ ದಿನ ಒಂದೆರಡು ಡಿಗ್ರಿಗಿಂತ ಜಾಸ್ತಿ ಏರಿಸಬೇಡಿ.

ಇಳಿಸುವುದು ಹೇಗೆ? ಪಿಎಚ್ ಡೌನ್ ಬಾಟಲಿ ಹಾಕಿದೆ, ಮರುದಿನ ಮತ್ತೆ ಮೇಲೇರಿತು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಅದೇ. ನೀವು ಹಾಕಿದ ಆಮ್ಲವನ್ನು ಕೆಎಚ್ ತಿಂದುಹಾಕುತ್ತದೆ. ಆಗ ಹುಟ್ಟಿದ ಸಿಒ2 ಸ್ವಲ್ಪ ಹೊತ್ತು ಪಿಎಚ್ ಇಳಿಸಿ, ರಾತ್ರಿಯೊಳಗೆ ಹಾರಿಹೋಗುತ್ತದೆ, ಪಿಎಚ್ ಮತ್ತೆ ಏರುತ್ತದೆ. ಹೀಗೆ ದಿನವೂ ಹಾಕುತ್ತಾ ಹೋದರೆ ಒಂದು ದಿನ ಕೆಎಚ್ ಮುಗಿದು ಪಿಎಚ್ ದಬಕ್ಕನೆ ಬೀಳುತ್ತದೆ. ಆ ಬಾಟಲಿಯನ್ನು ಪಕ್ಕಕ್ಕಿಡಿ.

ನಿಜವಾಗಿ ಇಳಿಸಬೇಕು ಅಂದರೆ ಆರ್‌ಒ ನೀರು ಅಥವಾ ಮಳೆನೀರು ಬೆರೆಸಿ. ಕೆಎಚ್ 10 ಇರುವ ನೀರಿಗೆ ಅಷ್ಟೇ ಆರ್‌ಒ ನೀರು ಬೆರೆಸಿದರೆ 5 ಆಗುತ್ತದೆ, ಲೆಕ್ಕ ಅಷ್ಟು ಸುಲಭ. ಮನೆಯ ಸಾಫ್ಟ್‌ನರ್ ನೀರು ಬೇಡ, ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಇಡುತ್ತದೆ, ಕೆಎಚ್ ಹಾಗೇ ಉಳಿಯುತ್ತದೆ.

ಏನೂ ಹಾಕದಿದ್ದರೂ ಕೆಎಚ್ ತಾನಾಗೇ ಬದಲಾಗುತ್ತಿದೆಯಲ್ಲ?

ಏರುತ್ತಿದ್ದರೆ ಕಲ್ಲು ನೋಡಿ. ಕಲ್ಲಿನ ಮೇಲೆ ಎರಡು ಹನಿ ಆಮ್ಲ ಬಿಟ್ಟು ಬುರುಗು ಬಂದರೆ ಅದರಲ್ಲಿ ಸುಣ್ಣ ಇದೆ. ಸಿಒ2 ಹಾಕಿದ ನೀರು ಆಮ್ಲೀಯವಾಗಿರುವುದರಿಂದ ಇನ್ನೂ ಬೇಗ ಕರಗಿಸುತ್ತದೆ. ಇಳಿಯುತ್ತಿದ್ದರೆ ಫಿಲ್ಟರ್‌ನ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ ಅಂತ ಅರ್ಥ, ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಅವು ಬೈಕಾರ್ಬನೇಟ್ ಖರ್ಚು ಮಾಡುತ್ತವೆ. ತಳಕ್ಕೆ ಅಕ್ವಾಸಾಯಿಲ್ (ಗಿಡದ ಟ್ಯಾಂಕ್‌ಗೆಂದೇ ಮಾರುವ ಮಣ್ಣಿನ ಉಂಡೆ) ಹಾಕಿದ್ದರೆ ಆ ಮಣ್ಣೂ ಕೆಎಚ್ ಹೀರುತ್ತದೆ, ಅದು ಅದರ ಕೆಲಸವೇ.

ಗ್ಯಾಸ್ ರಾತ್ರಿ ಕೂಡ ಬಿಡಬೇಕಾ?

ಬೇಡ. ಕತ್ತಲಲ್ಲಿ ಗಿಡ ಸಿಒ2 ತೆಗೆದುಕೊಳ್ಳುವುದಿಲ್ಲ, ತಾನೇ ಉಸಿರಾಡಿ ಸಿಒ2 ಬಿಡುತ್ತದೆ. ರೆಗ್ಯುಲೇಟರ್‌ನಲ್ಲಿ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್, ಇದ್ದರೆ ಟೈಮರ್‌ಗೆ ಹಾಕಿ, ಲೈಟ್ ಹತ್ತುವ ಒಂದೆರಡು ಗಂಟೆ ಮೊದಲು ಶುರುವಾಗಿ, ಲೈಟ್ ಆರುವ ಒಂದು ಗಂಟೆ ಮೊದಲು ನಿಲ್ಲಲಿ. ಮೊದಲೇ ಯಾಕೆ ಅಂದರೆ ಬೆಳಕು ಬಿದ್ದ ಕ್ಷಣದಿಂದ ಗಿಡಕ್ಕೆ ಬೇಕು, ಆ ಹೊತ್ತಿಗೆ ಮಟ್ಟ ಏರಿರಬೇಕು. ಟೈಮರ್ ವ್ಯವಸ್ಥೆಯಲ್ಲಿ ನಾನು ಅತಿ ಹೆಚ್ಚು ನೋಡಿರುವ ತಪ್ಪು ಇದೇ, ಲೈಟ್ ಮತ್ತು ಗ್ಯಾಸ್ ಎರಡನ್ನೂ ಒಂದೇ ಟೈಮರ್‌ಗೆ ಸಿಕ್ಕಿಸುವುದು.

ಮೇಲ್ಮೈ ಅಲುಗಾಡಿದರೆ ಸಿಒ2 ಹಾರಿಹೋಗುತ್ತದೆ, ಹಾಗಾಗಿ ನೀರು ನಿಶ್ಚಲವಾಗಿ ಇಡಬೇಕಲ್ವಾ?

ಇದು ಕೇಳಲು ಸರಿ ಅನ್ನಿಸುತ್ತದೆ, ಮಾಡಿದರೆ ಕೆಡುತ್ತದೆ. ಹಾರಿಹೋಗುವುದು ನಿಜ. ಆದರೆ ನಿಶ್ಚಲ ನೀರಿನಲ್ಲಿ ಸಿಒ2 ಸಂಜೆಯವರೆಗೂ ಏರುತ್ತಲೇ ಇರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಹೇಳಲಾಗುವುದಿಲ್ಲ. ಮೇಲ್ಮೈ ಅಲುಗಾಡುತ್ತಿದ್ದರೆ ಒಳಗೆ ಬರುವುದೂ ಹೊರಗೆ ಹೋಗುವುದೂ ಬೇಗ ಸಮವಾಗಿ, ಮಟ್ಟ ಒಂದು ಕಡೆ ನಿಲ್ಲುತ್ತದೆ. ಆಮ್ಲಜನಕವೂ ಸಿಗುತ್ತದೆ, ಮೇಲಿನ ಎಣ್ಣೆಯಂಥ ಪೊರೆ ಒಡೆಯುತ್ತದೆ. ಗ್ಯಾಸ್ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಆಗಲಿ ಬಿಡಿ. ನೀರು ಸದ್ದು ಮಾಡದೆ ಸಣ್ಣಗೆ ನೆರಿಗೆ ಕಟ್ಟುವಷ್ಟು ಇದ್ದರೆ ಸಾಕು.

ಗಿಡದಿಂದ ಗುಳ್ಳೆ ಬರುತ್ತಿಲ್ಲ. ಸಿಒ2 ಕಡಿಮೆಯಾ?

ಹಾಗೇನಿಲ್ಲ. ನೀರಿನಲ್ಲಿ ಆಮ್ಲಜನಕ ಕರಗುವ ಮಿತಿ ತುಂಬಿದ ಮೇಲೆ, 25 ಡಿಗ್ರಿಯಲ್ಲಿ ಅದು ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ, ಎಲೆಯ ಮೇಲೆ ಮುತ್ತಿನಂತೆ ಗುಳ್ಳೆ ನಿಲ್ಲುತ್ತದೆ. ಮೇಲ್ಮೈ ಚೆನ್ನಾಗಿ ಅಲುಗಾಡುವ ಟ್ಯಾಂಕ್‌ನಲ್ಲಿ ಆ ಮಿತಿ ಮುಟ್ಟದೇ ಇರಬಹುದು. ನೀರು ಬದಲಿಸಿದ ತಕ್ಷಣ ಕಾಣುವ ಗುಳ್ಳೆಗಳು ಬಹುಪಾಲು ಹೊಸ ನೀರಿನಲ್ಲಿದ್ದ ಗಾಳಿಯವು. ಹೊಸ ಎಲೆ ಹಳೆಯದಕ್ಕಿಂತ ದೊಡ್ಡದಾಗಿ ಬರುತ್ತಿದೆಯಾ ನೋಡಿ, ಅದೇ ಸಾಕ್ಷಿ.

ಸಿಲಿಂಡರ್ ಮೀಟರ್ ತಿಂಗಳುಗಟ್ಟಲೆ ಅಲ್ಲೇ ಇದ್ದು ಇದ್ದಕ್ಕಿದ್ದಂತೆ ಬಿತ್ತು. ಲೀಕ್ ಆಗಿದೆಯಾ?

ಇಲ್ಲ, ಖಾಲಿಯಾಗಿದೆ. ಒಳಗೆ ಸಿಒ2 ದ್ರವವಾಗಿ ಇರುತ್ತದೆ. ಒಂದು ಹನಿ ದ್ರವ ಉಳಿದಿರುವ ತನಕ ಒತ್ತಡ ಬದಲಾಗುವುದಿಲ್ಲ, 20 ಡಿಗ್ರಿಯಲ್ಲಿ ಸುಮಾರು 57 ಬಾರ್. ದ್ರವ ಮುಗಿದ ಮೇಲಷ್ಟೇ ಮುಳ್ಳು ಇಳಿಯುತ್ತದೆ, ಆಮೇಲೆ ಕೆಲವೇ ದಿನ. ಎಷ್ಟು ಉಳಿದಿದೆ ಅಂತ ತಿಳಿಯಲು ಸಿಲಿಂಡರನ್ನು ತಕ್ಕಡಿಯಲ್ಲಿಟ್ಟು ತೂಗಿ. ಖಾಲಿ ತೂಕ ಅದರ ಮೈಮೇಲೇ ಕೆತ್ತಿರುತ್ತದೆ.

ಕೊನೆಯ ಹಂತದಲ್ಲಿ ಎಚ್ಚರ. ಒಂದೇ ಹಂತದ ರೆಗ್ಯುಲೇಟರ್‌ಗಳಲ್ಲಿ ಒಳಗಿನ ಒತ್ತಡ ಬಿದ್ದಾಗ ಹೊರಗಿನ ಒತ್ತಡ ಏರಿ, ಉಳಿದ ಗ್ಯಾಸ್ ಒಟ್ಟಿಗೆ ಟ್ಯಾಂಕ್‌ಗೆ ನುಗ್ಗಬಹುದು. ಮುಳ್ಳು ಇಳಿಯಲು ಶುರುವಾದ ದಿನವೇ ತೆಗೆದುಬಿಡಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಲ್ಲಿಸಿ ಕಟ್ಟಿಡಿ, ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ಹೋಗುತ್ತದೆ. ಬಿಸಿಲಿಗೆ ಬೇಡ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ಚೆಕ್ ವಾಲ್ವ್ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಗ್ಯಾಸ್ ನಿಂತಾಗ ಟ್ಯಾಂಕ್ ನೀರು ಪೈಪ್ ಹಿಡಿದು ರೆಗ್ಯುಲೇಟರ್‌ವರೆಗೂ ಬರುತ್ತದೆ. ಸಾದಾ ಸಿಲಿಕಾನ್ ಪೈಪಿನ ಗೋಡೆಯಿಂದಲೇ ಸಿಒ2 ಸೋರಿಹೋಗುತ್ತದೆ, ಪಿಯು (ಪಾಲಿಯುರೆಥೇನ್) ಪೈಪ್ ಹಾಕಿ.

ಯೀಸ್ಟ್ ಮತ್ತು ಸಕ್ಕರೆಯಲ್ಲಿ ಮಾಡಿದರೆ?

ಸಣ್ಣ ಟ್ಯಾಂಕ್‌ಗೆ, ಕಲಿಯಲು, ಪರವಾಗಿಲ್ಲ. ಮೊದಲ ವಾರ ಗ್ಯಾಸ್ ಜೋರು, ಮೂರನೇ ವಾರ ಸುಸ್ತು, ಸೆಕೆ ಏರಿದರೆ ಮತ್ತೆ ಜೋರು. ಆರಿಸಲೂ ಆಗುವುದಿಲ್ಲ. ಮೇಲೆ ಹೇಳಿದ ಏರಿಳಿತದ ಕಾಟಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಸಿಟ್ರಿಕ್ ಆಮ್ಲ ಮತ್ತು ಅಡುಗೆ ಸೋಡಾದ ಕಿಟ್ ಇದಕ್ಕಿಂತ ಎಷ್ಟೋ ವಾಸಿ, ಅದರಲ್ಲಿ ವಾಲ್ವ್ ಇರುತ್ತದೆ, ಒತ್ತಡ ತಡೆಯುವ ಗಟ್ಟಿ ಬಾಟಲಿ ಇರುತ್ತದೆ. ಗಾಜಿನ ಬಾಟಲಿಯಲ್ಲಿ ಯಾವತ್ತೂ ಮಾಡಬೇಡಿ, ಸಿಡಿಯುತ್ತದೆ.

ಲಿಕ್ವಿಡ್ ಕಾರ್ಬನ್ ಅಂತ ಬಾಟಲಿ ಸಿಗುತ್ತದಲ್ಲ?

ಅದರಲ್ಲಿ ಬಹುತೇಕ ಇರುವುದು ಗ್ಲುಟರಾಲ್ಡಿಹೈಡ್, ಆಸ್ಪತ್ರೆ ಸಲಕರಣೆ ಶುದ್ಧ ಮಾಡಲು ಬಳಸುವ ರಾಸಾಯನಿಕ. ಪಾಚಿ ಕೊಲ್ಲುತ್ತದೆ, ಅದು ನಿಜ. ಸಿಒ2ಗೆ ಬದಲಿ ಅನ್ನುವುದು ಬರೀ ಮಾತು. ವ್ಯಾಲಿಸ್ನೇರಿಯಾ ಇದ್ದರೆ ಕರಗಿಹೋಗಬಹುದು. ಕೈಗೆ ಕಣ್ಣಿಗೆ ತಾಗಿಸಿಕೊಳ್ಳಬೇಡಿ.

ಎಲೆ ಅಂಚಿನಲ್ಲಿ ಕಪ್ಪು ಗಡ್ಡದಂಥ ಪಾಚಿ. ಹೇಗೆ ಓಡಿಸುವುದು?

ಕೆಂಪು ಪಾಚಿಗಳ ಕುಲದ್ದು ಇದು, ಸತ್ತರೆ ಗುಲಾಬಿಯಾಗುತ್ತದೆ. ಫಿಲ್ಟರ್ ನಿಲ್ಲಿಸಿ, ಸಿರಿಂಜ್‌ನಿಂದ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಕೆಲವು ಹನಿ ಅದರ ಮೇಲೇ ಬಿಟ್ಟು, ಹತ್ತು ನಿಮಿಷ ಬಿಟ್ಟು ಫಿಲ್ಟರ್ ಹಾಕಿ. ಒಂದೆರಡು ದಿನಕ್ಕೆ ಬಣ್ಣ ತಿರುಗುತ್ತದೆ, ಆಮೇಲೆ ಅಮಾನೊ ಸೀಗಡಿಗಳು ಮೇಯುತ್ತವೆ. ಪಾಚಿ ತಿನ್ನಲು ಇವನ್ನು ಬಳಸಿ ಹೆಸರಾದವರು ಜಪಾನಿನ ತಕಾಶಿ ಅಮಾನೊ (1954–2015), ಸೀಗಡಿಗೆ ಆ ಹೆಸರು ಅವರಿಂದಲೇ ಬಂದದ್ದು.

ಇಷ್ಟಕ್ಕೇ ನಿಲ್ಲಿಸಿದರೆ ತಿಂಗಳೊಳಗೆ ವಾಪಸ್ ಬರುತ್ತದೆ. ಸಿಒ2 ಏರಿಳಿಯುವ ಟ್ಯಾಂಕ್ ಕಂಡರೆ ಈ ಪಾಚಿಗೆ ಪ್ರೀತಿ. ಡಿಫ್ಯೂಸರ್‌ನ ಸೆರಾಮಿಕ್ ತಟ್ಟೆ ಕಟ್ಟಿಕೊಂಡಿದೆಯಾ, ಟೈಮರ್ ಸರಿಯಿದೆಯಾ, ಫಿಲ್ಟರ್ ಕೊಳಕಾಗಿ ಹರಿವು ಕುಗ್ಗಿದೆಯಾ ನೋಡಿ. ಸಣ್ಣ ಗುಳ್ಳೆಗಳ ಮಂಜು ಟ್ಯಾಂಕ್‌ನ ಆ ಮೂಲೆಗೆ ಹೋಗುತ್ತಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ನನ್ನ ಟ್ಯಾಂಕ್‌ನಲ್ಲಿ ಒಂದು ದೊಡ್ಡ ಕೊರಡಿನ ಹಿಂಭಾಗದಲ್ಲಷ್ಟೇ ಈ ಪಾಚಿ ಇತ್ತು. ಫಿಲ್ಟರ್ ಬಾಯಿಯನ್ನು ಬಲಕ್ಕೆ ಒಂದು ಗೇಣು ಸರಿಸಿದೆ, ಅಷ್ಟೇ ಮಾಡಿದ್ದು.

ಎಲೆ ಮೇಲೆ ಬಿಳಿ ಪುಡಿ ಕಟ್ಟಿಕೊಳ್ಳುತ್ತಿದೆ.

ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಎಜೀರಿಯಾದಂಥ ಕೆಲವು ಗಿಡಗಳು ಸಿಒ2 ಸಿಗದಿದ್ದಾಗ ಬೈಕಾರ್ಬನೇಟ್‌ನಿಂದಲೇ ಕಾರ್ಬನ್ ಕಿತ್ತುಕೊಳ್ಳುತ್ತವೆ. ಉಳಿದ ಸುಣ್ಣ ಎಲೆ ಮೇಲೆ ಕೂರುತ್ತದೆ. ಗಡಸು ನೀರಿನಲ್ಲಿ ಈ ಗಿಡಗಳು ಯಾಕೆ ಮೆರೆಯುತ್ತವೆ ಅನ್ನುವುದಕ್ಕೂ ಇದೇ ಕಾರಣ. ಸಿಒ2 ಸಾಲುತ್ತಿಲ್ಲ ಅನ್ನುವ ಗುರುತು ಅಂತ ಇಟ್ಟುಕೊಳ್ಳಿ.

ಸಿಒ2 ಹಾಕಿದ ಮೇಲೆ ಎಲೆ ಹಳದಿಯಾಗುತ್ತಿದೆ?

ಬೇಗ ಬೆಳೆಯುವ ಗಿಡಕ್ಕೆ ಗೊಬ್ಬರವೂ ಬೇಗ ಬೇಕು. ಹಳೆ ಎಲೆ ಹಳದಿಯಾದರೆ ನೈಟ್ರೋಜನ್, ಹೊಸ ಚಿಗುರು ಬಿಳಿಚಿಕೊಂಡರೆ ಕಬ್ಬಿಣ, ಹಳೆ ಎಲೆಯಲ್ಲಿ ತೂತು ಬಿದ್ದರೆ ಪೊಟ್ಯಾಸಿಯಂ, ಇದು ಒರಟು ಲೆಕ್ಕ. ನೈಟ್ರೇಟ್ 10ರಿಂದ 30, ಫಾಸ್ಫೇಟ್ 1ರಿಂದ 3 ಪಿಪಿಎಂ ಇದ್ದರೆ ಚಿಂತೆ ಇಲ್ಲ. 100 ಲೀಟರಿಗೆ 1.6 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಹಾಕಿದರೆ ನೈಟ್ರೇಟ್ 10 ಪಿಪಿಎಂ ಏರುತ್ತದೆ. ಟಾಮ್ ಬಾರ್ ಅನ್ನುವವರ ಪದ್ಧತಿ ಇನ್ನೂ ಸರಳ, ಎಲ್ಲವನ್ನೂ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹಾಕಿ ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿಬಿಡುವುದು.

ಕಬ್ಬಿಣದ ವಿಷಯಕ್ಕೆ ಪಿಎಚ್ ಬೇಕು. ಗೊಬ್ಬರದಲ್ಲಿ ಕಬ್ಬಿಣವನ್ನು ಕರಗಿಸಿ ಹಿಡಿದಿಡಲು ಇಡಿಟಿಎ, ಡಿಟಿಪಿಎಯಂಥ ರಾಸಾಯನಿಕ ಬಳಸುತ್ತಾರೆ. ಇಡಿಟಿಎ ಕಬ್ಬಿಣ ಪಿಎಚ್ 6.5ರ ಆಸುಪಾಸು ದಾಟಿದರೆ ಬೇಗ ಒಡೆದು ನಿರುಪಯೋಗಿ ಆಗುತ್ತದೆ. ಗಡಸು ನೀರಿನವರು ಡಿಟಿಪಿಎ ತಗೊಳ್ಳಿ.

ಹೊಸ ಟ್ಯಾಂಕ್, ಅಕ್ವಾಸಾಯಿಲ್, ಅಮೋನಿಯಾ 2 ಪಿಪಿಎಂ ತೋರಿಸುತ್ತಿದೆ. ಮೀನು ಬಿಡಬಹುದಾ?

ಬೇಡ. ಆ ಮಣ್ಣು ಮೊದಲ ವಾರಗಳಲ್ಲಿ ಅಮೋನಿಯಾ ಬಿಡುತ್ತದೆ, ಫಿಲ್ಟರ್ ಪಳಗಲು, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯಲು, ನಾಲ್ಕರಿಂದ ಆರು ವಾರ ಬೇಕು. ಇಲ್ಲೊಂದು ಸೂಕ್ಷ್ಮ ಇದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪ ಸುಮಾರು ಅರ್ಧ ಶೇಕಡ, ಪಿಎಚ್ 8ಕ್ಕೆ ಏರಿದರೆ ಶೇ. 5 ದಾಟುತ್ತದೆ. ಹಗಲು ಸಿಒ2 ಪಿಎಚ್ ಇಳಿಸಿ ಅಡಗಿಸಿಟ್ಟ ಅಮೋನಿಯಾ ರಾತ್ರಿ ಗ್ಯಾಸ್ ನಿಂತು ಪಿಎಚ್ ಏರಿದಾಗ ತಲೆ ಎತ್ತುತ್ತದೆ. ಹಗಲು ಚೆನ್ನಾಗಿದ್ದ ಮೀನು ಬೆಳಿಗ್ಗೆ ಸತ್ತಿರುವುದು ಹೀಗೆ. ಮೀನು ಬರುವ ತನಕ ಸಿಒ2 ಧಾರಾಳವಾಗಿ ಬಿಡಬಹುದು, ಅದೊಂದು ಸುಖ.

ನಲ್ಲಿ ನೀರಿನ ಪಿಎಚ್ ಬಕೆಟ್‌ನಲ್ಲಿಟ್ಟರೆ ಬದಲಾಗುತ್ತದೆ. ಕಿಟ್ ಕೆಟ್ಟಿದೆಯಾ?

ಕಿಟ್ ಸರಿಯಾಗಿದೆ. ನೆಲದಾಳದ ನೀರಿನಲ್ಲಿ ಸಿಒ2 ಕರಗಿರುತ್ತದೆ, ಇಟ್ಟರೆ ಹಾರಿಹೋಗಿ ಪಿಎಚ್ ಏರುತ್ತದೆ. ಇಟ್ಟರೆ ಕ್ಲೋರಿನ್ ಕೂಡ ಹೋಗುತ್ತದೆ, ಆದರೆ ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ್ದು) ಹೋಗುವುದಿಲ್ಲ, ಅದಕ್ಕೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು.

ಯಾವ ಯಾವ ಟೆಸ್ಟ್ ಕಿಟ್ ಬೇಕು?

ಕೆಎಚ್ ಹನಿ ಕಿಟ್, ಪಿಎಚ್ ಪೆನ್. ಮೊದಲ ಎರಡು ತಿಂಗಳಿಗೆ ಅಮೋನಿಯಾ. ಕೆಎಚ್ ಕಿಟ್‌ನಲ್ಲಿ 5 ಮಿಲಿಲೀಟರಿಗೆ ಒಂದು ಹನಿ ಅಂದರೆ 1 ಡಿಗ್ರಿ ಇದ್ದರೆ, 10 ಮಿಲಿಲೀಟರ್ ತಗೊಂಡು ಹನಿ ಎಣಿಸಿ ಅರ್ಧ ಮಾಡಿ, ಅರ್ಧ ಡಿಗ್ರಿವರೆಗೂ ಗೊತ್ತಾಗುತ್ತದೆ. ಉಳಿದದ್ದಕ್ಕೆ ದುಡ್ಡು ಹಾಕಬೇಡಿ.

ಹತ್ತು ದಿನ ಮನೆಯಲ್ಲಿ ಇರುವುದಿಲ್ಲ. ಗ್ಯಾಸ್ ನಿಲ್ಲಿಸಿ ಹೋಗಲಾ?

ಸಿಲಿಂಡರ್ ತೂಗಿ ನೋಡಿ. ಸಾಕಷ್ಟಿದ್ದರೆ ಹಾಗೇ ಬಿಡಿ, ಲೈಟ್ ಮಾತ್ರ 5 ಗಂಟೆಗೆ ಇಳಿಸಿ, ಡಿಮ್ಮರ್ ಇದ್ದರೆ ಅದನ್ನೂ ತಗ್ಗಿಸಿ. ಮುಗಿಯುವ ಹಂತದಲ್ಲಿದ್ದರೆ ಪೂರ್ತಿ ಮುಚ್ಚಿ, ಏರ್ ಪಂಪ್ ಹಾಕಿ ಹೋಗಿ. ಬಂದ ಮೇಲೆ ಒಂದಿಷ್ಟು ಎಲೆ ಕಿತ್ತು ಬಿಸಾಡಬೇಕಾಗುತ್ತದೆ ಅಷ್ಟೇ, ಮೀನು ಉಳಿದಿರುತ್ತವೆ. ಹೊರಡುವ ಹಿಂದಿನ ದಿನ ಹೊಸ ಡಿಫ್ಯೂಸರ್ ಹಾಕುವುದು, ವಾಲ್ವ್ ತಿರುಗಿಸುವುದು, ಎರಡೂ ಬೇಡ. ಬೀಗ ಹಾಕುವ ಮೊದಲು ಟೈಮರ್‌ನ ಗಡಿಯಾರ ಸರಿಯಾದ ಹೊತ್ತು ತೋರಿಸುತ್ತಿದೆಯಾ ಅಂತ ಒಮ್ಮೆ ಬಗ್ಗಿ ನೋಡಿ. ಕರೆಂಟ್ ಹೋಗಿ ಬಂದಿದ್ದರೆ ಅದು ಹಿಂದೆ ಬಿದ್ದಿರುತ್ತದೆ.